ಮನೆಯವರಂತೆ

ನವೆಂಬರ್ ೧೮, ಮಂಗಳವಾರ

‘ಮನೆಯವರಂತೆ ದುಡಿಯುವವರು ಬೇಕಾಗಿದ್ದಾರೆ.’ ಈ ಒಂದು ಸಾಲಿಗಾಗಿ ಇವತ್ತು ಮಾವನವರ ಜೊತೆ ಜಗಳವಾಯಿತು.

ನಮ್ಮ ಲಾಡ್ಜಿನ ರಿಸೆಪ್ಷನ್‌ಗೆ ಒಬ್ಬರು ಬೇಕು. ಪ್ರತಿ ಸಲದ ಜಾಹೀರಾತಿನಿಂದ ಆ ಸಾಲು ತೆಗೆದು, ಸಂಬಳ ಎಷ್ಟು, ಎಷ್ಟು ಹೊತ್ತಿನ ಕೆಲಸ, ವಾರದ ರಜೆ ಯಾವತ್ತು ಎಂದು ಬಿಡಿಸಿ ಬರೆದಿದ್ದೆ. ಮಾವ ಓದಿ ಮುಖ ಗಂಟು ಹಾಕಿಕೊಂಡರು.

“ರಜಾ ನೋಡಿ ಬರೋರು ನಮಗ ಬ್ಯಾಡಮ್ಮಾ. ನಮ್ದು ಮನಿ ಇದ್ದಂಗ. ಆ ಮಾತು ವಾಪಸ್ ಹಾಕು.”

ಆ ಮಾತನ್ನು ನಂಬಿಯೇ ಹೋದ ಸಲ ಈ ಕೆಲಸಕ್ಕೆ ಬಂದಿದ್ದಳು ಮಲಪನಗುಡಿಯ ಸುಮಲತಾ. ಹಂಪಿ ನೋಡಲು ಬಂದು ನಮ್ಮಲ್ಲಿ ಉಳಿದವರೆಲ್ಲ ಅವಳನ್ನು ಹೊಗಳಿಯೇ ಹೋಗುತ್ತಿದ್ದರು. ದೀಪಾವಳಿ ಮುಗಿದ ಮರುದಿನ ಕೀಲಿಗೊಂಚಲು ನನ್ನ ಮುಂದಿಟ್ಟಳು. “ಮನಿಯವರಂಗ ಅಂದ್ರಿ ಅಕ್ಕಾರ, ಹಬ್ಬಕ್ಕ ನಮ್ಮ ಮನಿಗೇ ಬಿಡ್ಲಿಲ್ಲಲ್ರಿ.” ಅವತ್ತು ಆ ಗೊಂಚಲು ಎತ್ತಿಕೊಂಡು ನಾನೇ ಕೌಂಟರಿಗೆ ಹೋದೆ.

ಇವತ್ತು ಮಾವನವರಿಗೆ ಹೇಳಿಯೇಬಿಟ್ಟೆ. “ಹಾಕಂಗಿಲ್ರಿ ಮಾವ. ಮನಿಯವರಂಗ ದುಡಿಯೋದು ಅಂದ್ರ ಏನಂತ ನನಗ ಭಾಳ ಚಲೋ ಗೊತ್ತದ.”

ಮದುವೆಯಾದಾಗಿನಿಂದ, ಯಾರು ಕೆಲಸ ಬಿಟ್ಟರೂ ಆ ಕೌಂಟರಿನಲ್ಲಿ ಕೂರುವವಳು ನಾನೇ. ರಜೆ ಇಲ್ಲ, ಸಂಬಳವೂ ಇಲ್ಲ. ಸೊಸೆಗೆ ಯಾರಾದರೂ ಸಂಬಳ ಕೊಡುತ್ತಾರೆಯೇ?

ಜಾಹೀರಾತನ್ನು ನಾನು ಬರೆದ ಹಾಗೆಯೇ ಹೊಸಪೇಟೆಯ ವಾಟ್ಸಾಪ್ ಗುಂಪುಗಳಿಗೆಲ್ಲ ಹಾಕಿಬಿಟ್ಟೆ. ಈಗ ಮತ್ತೊಮ್ಮೆ ಓದಿದೆ. ಕೆಲಸ ಚೆನ್ನಾಗಿಯೇ ಇದೆ. ಬೆಳಿಗ್ಗೆ ಮಾವನವರ ಕಾಫಿ ಲೋಟದ ಪಕ್ಕ ಮೊದಲ ಅರ್ಜಿ ಇರುತ್ತದೆ. ನನ್ನದು.