ಇನ್ನು ಪಥ್ಯ ಬೇಡವಂತೆ

ಸೊಕ್ಕೆ, ಗುರುವಾರ

ಸಾಸ್ವೆಹಳ್ಳಿಯ ದುರುಗೇಶಣ್ಣನಿಗೆ ತಂಗಿ ನಾಗರತ್ನಳ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ನಿನ್ನ ಭಾವನಿಗೆ ಕೇಳಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅವರ ಲಿವರ್ ಪೂರ್ತಿ ಹೋಗಿದೆ. ನಿನ್ನೆ ದಾವಣಗೆರೆಯಲ್ಲಿ ಮತ್ತೆ ಹೊಟ್ಟೆಯ ನೀರು ತೆಗೆಸಿದೆವು. ಇಷ್ಟು ದಿನ ಉಪ್ಪು ಕೊಡಬೇಡಿ ಎಂದು ಗದರುತ್ತಿದ್ದ ಡಾಕ್ಟರು ಈ ಸಲ, "ಇನ್ನು ಪಥ್ಯ ಬೇಡಮ್ಮ, ಕೇಳಿದ್ದು ಕೊಡಿ" ಎಂದು ಮೆಲ್ಲಗೆ ಹೇಳಿದರು.

ಬಸ್ಸಿನಲ್ಲಿ ಇವರಿಗೆ ಖುಷಿಯೋ ಖುಷಿ. "ವಾಸಿ ಆಗಾಕೆ ಬಂದೈತೆ ಕಣೇ, ಅದಕ್ಕೇ ಉಪ್ಪು ತಿನ್ನು ಅಂದ್ರು."

ನಾನು ಹೂಂ ಅಂದೆ. ರಾತ್ರಿ ಸಾರಿಗೆ ಉಪ್ಪು ಹಾಕಿ ಬಡಿಸಿದೆ. ಎರಡು ತುತ್ತಿಗೇ ಸಾಕೆಂದರು.

ಈಗ ಹೊಳೆಮೀನು ಕೇಳುತ್ತಿದ್ದಾರೆ. ಸಿಕ್ಕರೆ ತೆಗೆದುಕೊಂಡು ಬೇಗ ಬಾ. ನೋಡಿದ ಕೂಡಲೇ ಅಳಬೇಡಣ್ಣ. ಮುಖಕ್ಕೆ ಕಳೆ ಬಂದಿದೆ ಅನ್ನು.

ನಿನ್ನ ದಾರಿ ಕಾಯುವ
ನಾಗರತ್ನ