ದೋಣಿಯನ್ನು ಕೊಡೆ ಮಾಡಿದ ಕಚೇರಿಗೆ

ಹಳೆಯ ವಸ್ತುಗಳ ನೋಂದಣಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಕಚೇರಿಯ ಕಡತವೊಂದರಲ್ಲಿ ನಾನು ತೆಗೆದ ಫೋಟೋ ಒಂದು ತಲೆಕೆಳಗಾಗಿ ಅಂಟಿಕೊಂಡಿದೆ. ಆ ಕಾರಣಕ್ಕೆ ನಾನೂ ನನ್ನ ಹೆಂಡತಿಯೂ ಮೂರನೆಯ ಮಹಡಿಯಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ. ಮೊದಲನೆಯ ವಾಕ್ಯಕ್ಕೂ ಎರಡನೆಯದಕ್ಕೂ ಏನು ಸಂಬಂಧ ಎಂದು ತಾವು ಹುಬ್ಬೇರಿಸಬಹುದು. ನಾನೂ ಏರಿಸಿದ್ದೆ. ಏರಿದ ಹುಬ್ಬು ಇನ್ನೂ ಇಳಿದಿಲ್ಲ. ನಮ್ಮ ಮನೆಯಲ್ಲಿ ಸದ್ಯಕ್ಕೆ ಏನೂ ಇಳಿಯುವ ಹಾಗಿಲ್ಲವಲ್ಲ.

ನಾನು ಹಳೆಯ ತಾಮ್ರದ ನಾಣ್ಯಗಳನ್ನೂ ಬಿಲ್ಲೆಗಳನ್ನೂ ಕೂಡಿಡುವವನು. ಬಿಲ್ಲೆ ಎಂದರೆ ನಾಣ್ಯದ ಬಡ ತಮ್ಮ. ಊರಿಗೆಲ್ಲ ನಡೆಯುವುದಿಲ್ಲ, ಒಂದೇ ಬಾಗಿಲಿನಲ್ಲಿ ನಡೆಯುತ್ತದೆ. ಕಾರ್ಖಾನೆಯ ಊಟದ ಕೋಣೆಯಲ್ಲಿ ಕೊಟ್ಟರೆ ಊಟ, ಸ್ನಾನದ ಮನೆಯಲ್ಲಿ ಕೊಟ್ಟರೆ ಒಂದು ಬಕೆಟ್ ಬಿಸಿನೀರು, ದೋಣಿಕಟ್ಟೆಯಲ್ಲಿ ಕೊಟ್ಟರೆ ಆಚೆ ದಡ. ಆ ಬಾಗಿಲು ಮುಚ್ಚಿದ ಮೇಲೆ ಬಿಲ್ಲೆಯನ್ನು ಕೇಳುವವರಿಲ್ಲ, ನನ್ನಂಥವರನ್ನು ಬಿಟ್ಟು. ಚಿನ್ನ ಕೂಡಿಡುವವರಿಗೆ ಕಳ್ಳರ ಭಯವಾದರೆ ತಾಮ್ರ ಕೂಡಿಡುವವರಿಗೆ ಮನೆಯವರ ನಿಂಬೆಹಣ್ಣಿನ ಭಯ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಒಂದು ನಾಣ್ಯವನ್ನು ಉಪ್ಪು ನಿಂಬೆಹಣ್ಣು ಹಾಕಿ ಉಜ್ಜಿ, ಥಳಥಳ ಮಾಡಿ, ಹೆಮ್ಮೆಯಿಂದ ನನ್ನ ಅಂಗೈ ಮೇಲಿಟ್ಟಳು. ತಾಮ್ರ ಇಷ್ಟು ವರ್ಷ ಕೂತು ಹೊದ್ದುಕೊಂಡ ಕಂದು ಬಣ್ಣವೇ ಅದರ ಆಯಸ್ಸು ಕಣೇ ಎಂದು ನಾನು ಗೋಳಾಡಿದೆ. "ಮೊದ್ಲೇ ಹೇಳ್ಬಾರ್ದಿತ್ತಾ? ಅಷ್ಟು ಕೊಳೆ ಇಟ್ಕೊಂಡು ಯಾರಾದ್ರೂ ಪ್ರೀತಿ ಮಾಡ್ತಾರಾ?" ಎಂದಳು. ಆಮೇಲೆ ಅವಳೇ ನನಗಿಂತ ದೊಡ್ಡ ಹುಚ್ಚಿಯಾದಳು.

ನಿಮಗೂ ನಮಗೂ ನಡುವೆ ಈಗ ನಿಂತಿರುವ ಬಿಲ್ಲೆಯನ್ನು ಹುಡುಕಿದವಳೂ ಅವಳೇ. ಗುಜರಿ ಅಂಗಡಿಯಲ್ಲಿ ತುಕ್ಕು ಹಿಡಿದ ನಟ್ಟು ಬೋಲ್ಟುಗಳ ಡಬ್ಬಿಗೆ ಕೈ ಹಾಕಿ, ನೋಡದೆಯೇ ಬೆರಳಿಂದ ತಡವಿ, "ರೀ, ಇದ್ರಲ್ಲಿ ಏನೋ ಇದೆ" ಎಂದು ಎತ್ತಿದಳು. ದೋಣಿಕಟ್ಟೆಯ ಬಿಲ್ಲೆ. ಅಕ್ಷರಗಳೆಲ್ಲ ಸವೆದು ಹೋಗಿ ಉಳಿದಿದ್ದುದು ಒಂದು ಪುಟ್ಟ ದೋಣಿ, ನಡುವೆ ನೆಟ್ಟಗೆ ಒಂದು ಕಂಬ. ಎಷ್ಟೋ ಜನರ ಹೆಬ್ಬೆರಳು ಉಜ್ಜಿದರೂ ಮುಳುಗದೆ ಉಬ್ಬಿಕೊಂಡೇ ಇತ್ತು. ಅಂದಿನಿಂದ ಅದು "ನಮ್ಮ ದೋಣಿ". ಬೇಸರವಾದಾಗ ಬೀರು ತೆಗೆದು ಅದನ್ನು ಒಮ್ಮೆ ಸವರಿ ಮತ್ತೆ ಒಳಗಿಡುತ್ತಿದ್ದಳು. ಇನ್ನು ಕೆಲವರು ಬೆಕ್ಕನ್ನು ಸವರುವ ಹಾಗೆ.

ಹಳೆಯ ವಸ್ತು ಇಟ್ಟುಕೊಂಡವರು ಸ್ವಯಂಪ್ರೇರಿತರಾಗಿ ಮುಂದೆ ಬಂದು, ಫೋಟೋ ಸಮೇತ ನೋಂದಾಯಿಸಬೇಕೆಂದು ತಾವು ಪ್ರಕಟಣೆ ಹೊರಡಿಸಿದಿರಿ. ನಾಣ್ಯ ಕೂಡಿಡುವ ನಮ್ಮ ಬಳಗದ ಬುದ್ಧಿವಂತರೆಲ್ಲ ಆ ದಿನದಿಂದ ತಮ್ಮ ಬಳಿ ಹಳೆಯದೆಂದರೆ ಮಾವ ಒಬ್ಬರೇ ಎಂದು ಹೇಳತೊಡಗಿದರು. ನಾನು ಮುಂದೆ ಬಂದೆ. ಮುಂದೆ ಬಂದವನಿಗೆ ಹಿಂದೆ ಹೋಗಲು ದಾರಿ ಇರುವುದಿಲ್ಲ ಎಂಬ ಸಣ್ಣ ಸಂಗತಿ ಪ್ರಕಟಣೆಯಲ್ಲಿ ಇರಲಿಲ್ಲ.

ಫೋಟೋ ತೆಗೆಯುವುದರಲ್ಲಿ ನನಗೆ ಕೊಂಚ ಅಹಂಕಾರವೂ ಇದೆ, ಒಪ್ಪಿಕೊಳ್ಳುತ್ತೇನೆ. ತಾಮ್ರ ಫೋಟೋಗೆ ಸುಲಭವಾಗಿ ಬಗ್ಗುವುದಿಲ್ಲ. ಬೆಳಕು ಹೆಚ್ಚಾದರೆ ಬಿಲ್ಲೆಯ ಬದಲು ಬಿಲ್ಲೆಯಲ್ಲಿ ನಿಮ್ಮ ಮೂಗು ಕಾಣುತ್ತದೆ. ಕಡಿಮೆಯಾದರೆ ಸುಟ್ಟ ಬಿಸ್ಕತ್ತು. ಆದ್ದರಿಂದ ಕಿಟಕಿಯ ಪಕ್ಕ ಕಪ್ಪು ಬಟ್ಟೆ ಹಾಸಿ, ಗಾಜಿಗೆ ತೆಳು ಕಾಗದ ಅಂಟಿಸಿ, ಬೆಳಕು ಬಿಲ್ಲೆಯ ಮೇಲ್ಬದಿಯಿಂದ ಓರೆಯಾಗಿ ಬೀಳುವ ಹಾಗೆ ಮಾಡಿ, ಉಸಿರು ಬಿಗಿಹಿಡಿದು ಕ್ಲಿಕ್ಕಿಸಬೇಕು. ಹಾಗೆ ಒಂದೊಂದನ್ನೂ ತೆಗೆದು, ಅಚ್ಚು ಹಾಕಿಸಿ, ಪ್ರತಿಯೊಂದರ ಹಿಂಬದಿಯಲ್ಲಿ ವಿವರ ಬರೆದು ಕೊಟ್ಟೆ. ದೋಣಿಯ ಫೋಟೋದ ಹಿಂದೆ "ದೋಣಿಯ ಉಬ್ಬು ಚಿತ್ರ, ಮೇಲ್ಭಾಗ ಈ ಕಡೆ" ಎಂದು ಬಾಣದ ಗುರುತನ್ನೂ ಹಾಕಿದ್ದೆ. ತಮ್ಮ ಸಿಬ್ಬಂದಿ ಆ ಬಾಣದ ಮೇಲೆಯೇ ಧಾರಾಳವಾಗಿ ಅಂಟು ಬಳಿದು ಕಡತಕ್ಕೆ ಒತ್ತಿದರು. ನಾಣ್ಯಗಳ ಫೋಟೋಗಳಿಗೆ ತೊಂದರೆಯಾಗಲಿಲ್ಲ. ಅವುಗಳಲ್ಲಿ ರಾಜರ ತಲೆಗಳಿದ್ದವು, ತಲೆ ಯಾವ ಕಡೆ ಇರಬೇಕೆಂಬುದು ಕಚೇರಿಗೂ ಗೊತ್ತು. ದೋಣಿಗೆ ತಲೆಯಿಲ್ಲ. ಅದನ್ನು ತಿರುಗಾಮುರುಗಾ ಹಿಡಿದು ನೋಡಿದ ಯಾರೋ ಪುಣ್ಯಾತ್ಮರಿಗೆ, ಹೊಟ್ಟೆ ಮೇಲೆ, ಕಂಬ ಕೆಳಗೆ ಬಂದಾಗ ಅದು ಅಚ್ಚುಕಟ್ಟಾದ ಕೊಡೆಯಾಗಿ ಕಂಡಿತು. ಕೊಡೆಯ ಹಿಡಿ ಕೆಳಗಿರಬೇಕು ತಾನೆ? ಹಾಗೇ ಅಂಟಿಸಿದರು. ಅವರ ತರ್ಕದಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಅವರು ಕೊಡೆಯನ್ನು ಸರಿಯಾಗಿಯೇ ಹಿಡಿದಿದ್ದಾರೆ. ಅದು ಕೊಡೆಯಲ್ಲ, ಅಷ್ಟೆ.

ಇಲ್ಲಿ ಇನ್ನೊಂದು ಚಮತ್ಕಾರ ನಡೆಯಿತು. ಪತ್ರಿಕೆಯಲ್ಲಿ ಈ ಪತ್ರ ಓದುತ್ತಿರುವ ಸಾರ್ವಜನಿಕರೂ ಮನೆಯಲ್ಲಿ ಮಾಡಿ ನೋಡಬಹುದು. ನಾಣ್ಯದ ಯಾವುದಾದರೂ ಒಳ್ಳೆಯ ಫೋಟೋವನ್ನು ತಲೆಕೆಳಗು ಮಾಡಿ ದಿಟ್ಟಿಸಿ. ಉಬ್ಬಿದ್ದೆಲ್ಲ ತಗ್ಗಾಗಿ ಕಾಣುತ್ತದೆ. ಬೆಳಕು ಯಾವಾಗಲೂ ಮೇಲಿನಿಂದ ಬರುತ್ತದೆ ಎಂದು ನಮ್ಮ ಕಣ್ಣು ನಂಬಿಕೊಂಡು ಕೂತಿದೆ; ಫೋಟೋ ತಿರುಗಿಸಿದರೆ ಬೆಳಕು ಕೆಳಗಿನಿಂದ ಬಂದಂತಾಗಿ, ಪಾಪದ ಕಣ್ಣು ಲೆಕ್ಕ ತಪ್ಪುತ್ತದೆ. ಹೀಗಾಗಿ ತಮ್ಮ ಕಡತದಲ್ಲಿ ನನ್ನ ಉಬ್ಬು ದೋಣಿ "ತಗ್ಗಾಗಿ ಕೊರೆದ ಕೊಡೆಯ ಚಿತ್ರವುಳ್ಳ ತಾಮ್ರದ ಬಿಲ್ಲೆ" ಎಂದು ದಾಖಲಾಯಿತು.

ಆಮೇಲೆ ತಾಳೆ ನೋಡಲು ತಮ್ಮ ಪರಿಶೀಲಕರು ನಮ್ಮ ಮನೆಗೆ ಬಂದರು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದವರಿಗೆ ನನ್ನ ಹೆಂಡತಿ ನೀರು ಕೊಟ್ಟಳು. ನಾಣ್ಯಗಳೆಲ್ಲ ಕಡತಕ್ಕೆ ಹೊಂದಿದವು. ಕೊನೆಗೆ ದೋಣಿ ಕೈಗೆ ಬಂತು. ಅವರು ಬೆರಳಾಡಿಸಿದರು, ಕಡತ ನೋಡಿದರು, ಮತ್ತೆ ಬೆರಳಾಡಿಸಿದರು.

"ಛತ್ರಿ ಎಲ್ಲಿ?"

"ಮೂಲೇಲಿದೆ ಸಾರ್. ಮಳೆ ಬರೋ ಹಾಗಿದ್ಯಾ?" ಎಂದಳು ನನ್ನ ಹೆಂಡತಿ.

"ತಮಾಷೆ ಬೇಡಮ್ಮ. ಛತ್ರಿ ಇರೋ ಬಿಲ್ಲೆ ಎಲ್ಲಿ? ಇಲ್ಲಿ ಬರೆದಿರೋದು ತಗ್ಗು ಛತ್ರಿ. ನೀವು ತೋರಿಸ್ತಿರೋದು ಉಬ್ಬು ದೋಣಿ."

"ಎರಡೂ ಒಂದೇ ಸಾರ್. ಕಡತ ಒಂದ್ಸಲ ತಿರುಗಿಸಿ ನೋಡಿ" ಎಂದೆ.

"ನಾನು ಕಡತ ತಿರುಗಿಸೋದಕ್ಕೆ ಬಂದಿಲ್ಲ. ತಾಳೆ ನೋಡೋದಕ್ಕೆ ಬಂದಿದೀನಿ."

ಕಡತ ಅವರ ಎದೆಗೆ ಅಂಟಿಕೊಂಡಿತು. ಹತ್ತಿರ ಹೋದರೆ ಕಸಿದುಕೊಳ್ಳುತ್ತೇನೆಂದು ಅವರಿಗೆ ಭಯ. ನೀರು ಖಾಲಿಯಾಗುವುದರೊಳಗೆ ನಾನು ಎರಡು ಅಪರಾಧಗಳ ಒಡೆಯನಾಗಿದ್ದೆ. ನೋಂದಾಯಿಸಿದ ಬಿಲ್ಲೆಯನ್ನು ಕಾಣೆ ಮಾಡಿದ್ದು ಒಂದು; ನೋಂದಾಯಿಸದ ಬಿಲ್ಲೆಯನ್ನು ಬಚ್ಚಿಟ್ಟದ್ದು ಇನ್ನೊಂದು. ದೋಣಿಯನ್ನು ಬೀರುವಿನೊಳಗಿಟ್ಟು, ಬಾಗಿಲಿಗೆ ಪಟ್ಟಿ ಸುತ್ತಿ, ಅರಗಿನ ಮುದ್ರೆ ಒತ್ತಿದರು. ಕ್ಯಾಮೆರಾ ಒಳಗೇ ಉಳಿಯಿತು. ಹೆಂಡತಿಯ ಮೊಣಕಾಲಿನ ಪಟ್ಟಿಯೂ ಒಳಗೇ ಉಳಿಯಿತು; ಹಳೆಯ ವಸ್ತು ಎಂದು ಅದನ್ನೂ ಸೇರಿಸಿಕೊಂಡರೋ ಏನೋ. "ಬೀರುವನ್ನು ಇದ್ದಲ್ಲಿಂದ ಅಲುಗಾಡಿಸತಕ್ಕದ್ದಲ್ಲ. ಪಾಲಕನು ಇದೇ ವಿಳಾಸದಲ್ಲಿ ವಾಸವಿದ್ದು, ಯಾವುದೇ ವೇಳೆಯಲ್ಲಿ ತಪಾಸಣೆಗೆ ಲಭ್ಯನಿರತಕ್ಕದ್ದು" ಎಂಬ ಆದೇಶ ಕೈಗೆ ಬಂತು. ಪಾಲಕನೆಂದರೆ ನಾನು. ನನ್ನ ಬೀರುವಿಗೆ ನಾನೇ ಕಾವಲು, ನನ್ನಿಂದಲೇ ರಕ್ಷಣೆ.

ಈಗ ಮೊಣಕಾಲಿನ ವಿಷಯಕ್ಕೆ ಬರುತ್ತೇನೆ. ಹೆಂಡತಿಗೆ ಶಸ್ತ್ರಚಿಕಿತ್ಸೆಯಾಗಿ, ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತು ತಂದೆವು. ಅಂದಿನಿಂದ ಅವಳು ನೆಲ ಮೆಟ್ಟಿಲ್ಲ. ವೈದ್ಯರ ಆದೇಶವೂ ನಿಮ್ಮದರಷ್ಟೇ ಖಡಾಖಂಡಿತವಾಗಿತ್ತು: ಮೆಟ್ಟಿಲು ಹತ್ತಿಳಿಯಬೇಡಿ, ಆದರೆ ಬಯಲಲ್ಲಿ ದಿನಾ ನಡೆಯಿರಿ, ಇಲ್ಲದಿದ್ದರೆ ಕಾಲು ಮರಗಟ್ಟುತ್ತದೆ. ಎರಡನ್ನೂ ಪಾಲಿಸಬೇಕಾದರೆ ಕಿಟಕಿಯಿಂದ ಹಾರಬೇಕು. ಅದಕ್ಕೇ ಹಿಂದಿನ ಬೀದಿಯಲ್ಲಿ ನೆಲಮಹಡಿಯ ಮನೆಯೊಂದನ್ನು ಗೊತ್ತುಮಾಡಿದ್ದೆವು. ಬಾಗಿಲು ತೆಗೆದರೆ ಅಂಗಳ, ಅಂಗಳ ದಾಟಿದರೆ ಉದ್ಯಾನ. ಸಾಮಾನು ಕಟ್ಟಿಯೂ ಆಗಿತ್ತು. ಆಗ ನಿಮ್ಮವರು ಬಂದರು. ಈಗ ಅವಳ ನಡಿಗೆ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ, ಕಟ್ಟಿಟ್ಟ ರಟ್ಟಿನ ಡಬ್ಬಿಗಳ ನಡುವೆ. ಸಾಯಂಕಾಲ ಕಿಟಕಿಗೆ ಬಂದು, ಕೆಳಗೆ ನಡೆದಾಡುವವರನ್ನು ನೋಡಿ, "ಆ ನೀಲಿ ಸೀರೆಯಾಕೆ ನೋಡಿ, ಕಾಲಿದೆ ಅನ್ನೋ ಜ್ಞಾನವೇ ಇಲ್ದೆ ನಡೀತಾಳೆ" ಎನ್ನುತ್ತಾಳೆ. ನೀನು ಅಲ್ಲಿಗೆ ಹೋಗಿರು, ನಾನು ಬೀರು ಕಾಯುತ್ತೇನೆ ಎಂದರೆ, "ಸಂಸಾರಾನ ಫೋನಲ್ಲಿ ಮಾಡೋಣ್ವಾ? ಎದ್ದು ಕೂರೋಕೆ ಕೈ ಕೊಡೋದು ಯಾರು, ನಿಮ್ಮ ಬೀರುನಾ?" ಎನ್ನುತ್ತಾಳೆ. ಅವಳು ಹೇಳುವುದರಲ್ಲಿ ನ್ಯಾಯವಿದೆ. ನಿಮ್ಮ ಆದೇಶದಲ್ಲಿ ನಿಯಮವಿದೆ. ಎರಡರ ನಡುವೆ ನಾನಿದ್ದೇನೆ.

ತಮ್ಮ ಕಚೇರಿಗೂ ಬಂದೆ. ಕೌಂಟರಿನ ಅಮ್ಮನವರಿಗೆ ಫೋನಿನಲ್ಲಿ ದೋಣಿಯ ಫೋಟೋ ತೋರಿಸಿ, ತಲೆಕೆಳಗಾದರೆ ಹೇಗೆ ಕೊಡೆಯಾಗುತ್ತದೆ ನೋಡಿ ಎಂದು ಫೋನನ್ನು ತಿರುಗಿಸಿದೆ. ಫೋನು ಬುದ್ಧಿವಂತ, ನಾನು ತಿರುಗಿಸಿದ ಕೂಡಲೇ ಚಿತ್ರವನ್ನು ತಾನೇ ನೆಟ್ಟಗೆ ಮಾಡಿಕೊಂಡಿತು. ಮತ್ತೆ ತಿರುಗಿಸಿದೆ, ಮತ್ತೆ ನೆಟ್ಟಗಾಯಿತು. ಹಿಂದೆ ಸಾಲಿನಲ್ಲಿದ್ದವರು, "ಸ್ವಾಮಿ, ಆಟ ಆಮೇಲೆ ಆಡಿ" ಎಂದರು. ಮಾರನೆಯ ದಿನ ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು ಹೋದೆ. ಅಮ್ಮನವರು ತಿರುಗಿಸಿ ನೋಡಿ, "ಅಯ್ಯೋ, ಹೌದಲ್ಲ!" ಎಂದು ಕನ್ನಡಕ ಏರಿಸಿದರು. ನನ್ನ ಕಣ್ಣು ತುಂಬಿ ಬಂತು.

"ಹಾಗಾದ್ರೆ ಸರಿಪಡಿಸ್ತೀರಾಮ್ಮ?"

"ನಂಗೆ ಕಾಣ್ಸತ್ತೆ ಸಾರ್. ಆದ್ರೆ ಅಂಟಿಸಿದ್ದನ್ನ ಕೀಳೋ ಅಧಿಕಾರ ನಂಗಿಲ್ಲ."

"ಕೀಳಬೇಡಿ. ಕಡತಾನೇ ತಿರುಗಿಸಿ."

"ಕಡತ ತಿರುಗಿಸಿದ್ರೆ ನಿಮ್ಮ ಹೆಸ್ರೂ ತಲೆಕೆಳಗಾಗತ್ತಲ್ಲ ಸಾರ್. ಆಗ ನೀವ್ಯಾರು ಅಂತ ಇನ್ನೊಂದು ಅರ್ಜಿ."

ಸೋತು ಮನೆಗೆ ಬಂದರೆ ಬಾಗಿಲಿಗೆ ನೋಟಿಸು. ನಾನು ನಿಮ್ಮ ಕಚೇರಿಯಲ್ಲಿದ್ದ ಹೊತ್ತಿನಲ್ಲೇ ನಿಮ್ಮ ಪರಿಶೀಲಕರು ತಪಾಸಣೆಗೆ ಬಂದು, ಪಾಲಕನು ಸ್ಥಳದಲ್ಲಿ ಇರಲಿಲ್ಲವೆಂದು ಬರೆದು ಹೋಗಿದ್ದರು. ಎಲ್ಲಿದ್ದೆ ಎಂಬುದಕ್ಕೆ ಸೂಕ್ತ ಪುರಾವೆ ಸಮೇತ ಕಚೇರಿಗೆ ಹಾಜರಾಗತಕ್ಕದ್ದು ಎಂದಿತ್ತು. ಹಾಜರಾದರೆ ಮನೆಯಲ್ಲಿ ಇರುವುದಿಲ್ಲ, ಮನೆಯಲ್ಲಿದ್ದರೆ ಹಾಜರಾಗುವುದಿಲ್ಲ. ಮಾನ್ಯರೇ, ಇಷ್ಟು ಅಚ್ಚುಕಟ್ಟಾದ ಬೋನನ್ನು ಇಲಿಗಾದರೂ ಯಾರಾದರೂ ಮಾಡಿದ್ದಾರೆಯೇ? ಕೊನೆಗೆ ನಾನು ಅಂಚೆಯಲ್ಲಿ ಕಳಿಸಿದ ಅರ್ಜಿಗೆ ತಮ್ಮ ಸಹಿಯ ಉತ್ತರವೂ ಬಂತು: "ಕೊಡೆಯ ಬಿಲ್ಲೆಯನ್ನು ಹಾಜರುಪಡಿಸಿದ ಕೂಡಲೇ ಮುದ್ರೆ ತೆರವುಗೊಳಿಸಿ, ದೋಣಿಯ ಬಿಲ್ಲೆಯನ್ನು ವಶಪಡಿಸಿಕೊಳ್ಳಲಾಗುವುದು." ಹುಟ್ಟದೇ ಇರುವ ಕೊಡೆಯನ್ನು ಕರೆತಂದರೆ ಹುಟ್ಟಿದ ದೋಣಿಯನ್ನು ಒಯ್ಯುತ್ತೀರಿ ಎಂದಾಯಿತು.

ಇಲ್ಲಿಗೆ ನನ್ನ ಗೆಳೆಯನ ಪ್ರವೇಶ. ಅವನು ನಾಮಫಲಕ ಕೆತ್ತುವವನು. ಕತೆಯನ್ನೆಲ್ಲ ಕೇಳಿ, "ಅಷ್ಟೇನಾ? ತಗ್ಗಾಗಿ ಕೊರೆಯೋದೇ ನನ್ನ ಕಸುಬು ಕಣಯ್ಯ. ಒಂದು ಛತ್ರಿ ಮಾಡ್ಕೊಡ್ತೀನಿ, ಅವರ ಮುಖಕ್ಕೆ ಹಿಡಿದು ಕೈ ತೊಳ್ಕೊ" ಎಂದ. ನಾನು ಬೇಡ ಎನ್ನಲಿಲ್ಲ. ನಕಲಿ ನಾಣ್ಯ ಕಂಡರೆ ಮಾರುದೂರ ಸರಿಯುತ್ತಿದ್ದ ನಾನು, ಜೀವನವಿಡೀ ಅಸಲಿಯನ್ನೇ ಹುಡುಕಿದ ನಾನು, ಕಚೇರಿಗೆಂದು ಅಚ್ಚು ಹಾಕಿಸಿದ್ದ ಫೋಟೋವನ್ನು ತಲೆಕೆಳಗು ಮಾಡಿ ಅವನ ಕೈಗಿಟ್ಟೆ. ಅವನು ಹಳೆಯ ತಾಮ್ರದ ತುಂಡಿನ ಮೇಲೆ ತಲೆಕೆಳಗಾದ ಫೋಟೋ ನೋಡಿಕೊಂಡು ಕೆತ್ತಿ, ಅದಕ್ಕೆ ಕಂದು ಬಣ್ಣ ಬರಿಸಿ, ಬೆಂಕಿಪೊಟ್ಟಣದಲ್ಲಿಟ್ಟು ತಂದುಕೊಟ್ಟ. ಏನು ಕೊಡೆ ಅದು! ನಿಮ್ಮ ಕಡತದ ಎದುರಿಗೆ ಹಿಡಿದರೆ ಅವಳಿ ಮಕ್ಕಳು.

ನನ್ನ ಹೆಂಡತಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳು ಸವರಿದಳು. ಬೆರಳು ತಗ್ಗಿಗೆ ಇಳಿಯಿತು.

"ಚೆನ್ನಾಗಿ ಮಾಡಿದಾರೆ" ಎಂದಳು. "ಇದನ್ನ ಕೊಟ್ರೆ ನಾನು ಕೆಳಗಿಳೀಬಹುದು ಅಲ್ವಾ?"

"ಹೌದು."

"ದೋಣಿ ಅವರದಾಗುತ್ತೆ."

"ಹೌದು. ಹೋದ್ರೆ ಹೋಗ್ಲಿ ಬಿಡೆ. ನಿನ್ನ ಕಾಲಿಗಿಂತ ಹೆಚ್ಚಾ?"

ಅವಳು ಬೆಂಕಿಪೊಟ್ಟಣ ಮುಚ್ಚಿದಳು. "ನಾನು ಮೆಟ್ಟಿಲಿಳಿಯೋಕೆ ಅದನ್ನ ಮುಳುಗಿಸ್ಬೇಕಾ? ಬೇಡಾರೀ. ನೀವು ಮೊದ್ಲು ಕಾಗದ ಬರೀರಿ. ಎಲ್ಲರೂ ಓದೋ ಹಾಗೆ ಬರೀರಿ. ಈ ಛತ್ರಿ ವಿಷಯಾನೂ ಬರೀರಿ."

"ಅದನ್ನ ಬರೆದ್ರೆ ಆಮೇಲೆ ಕೊಡೋಕಾಗಲ್ವಲ್ಲೇ!"

"ಅದಕ್ಕೇ ಬರೀರಿ ಅಂದಿದ್ದು. ಇಲ್ದಿದ್ರೆ ನಾನು ನಿದ್ದೆ ಹೋದಾಗ ಎದ್ದು ಹೋಗಿ ಕೊಟ್ಬರ್ತೀರಿ. ನಿಮ್ಮನ್ನ ನಾನು ಕಾಣದವಳಾ?"

ಬರೆದಿದ್ದೇನೆ. ಈ ಪತ್ರ ಅಚ್ಚಾದ ಗಳಿಗೆಯಿಂದ ಆ ಕೊಡೆ ಬರೀ ಒಂದು ತಾಮ್ರದ ತುಂಡು. ನನಗಿದ್ದ ಒಂದೇ ಹಿಂಬಾಗಿಲನ್ನು ನಾನೇ ಎಳೆದು ಚಿಲಕ ಹಾಕಿದ್ದೇನೆ. ಇನ್ನು ಉಳಿದಿರುವುದು ತಮ್ಮ ಬಾಗಿಲೊಂದೇ. ಹಿಂದಿನ ಬೀದಿಯ ಮನೆಯವರು ಈ ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ; ಆಮೇಲೆ ಬೇರೆಯವರಿಗೆ ಕೀಲಿಕೈ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ತನಿಖೆ ಬೇಡ, ಸಮಿತಿ ಬೇಡ, ಯಾರಿಗೂ ಶಿಕ್ಷೆ ಬೇಡ, ಅಂಟು ಬಳಿದವರಿಗಂತೂ ಖಂಡಿತ ಬೇಡ. ತಾವು ಒಮ್ಮೆ ನಮ್ಮ ಕಡತವನ್ನು ತರಿಸಿ ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟು ನೋಡಿ. ಕಡತ ತಿರುಗಿಸುವುದು ನಿಯಮಬಾಹಿರವಾದರೆ, ಕಡತ ಇದ್ದಂತೆಯೇ ಇರಲಿ, ತಾವೇ ಎದ್ದು ಮೇಜಿನ ಆಚೆ ಬದಿಗೆ ಬನ್ನಿ. ಅರ್ಜಿ ಹಿಡಿದು ನಾವು ನಿಲ್ಲುವ ಬದಿ ಅದು. ಅಲ್ಲಿಂದ ದೋಣಿ ಚೆನ್ನಾಗಿ ಕಾಣುತ್ತದೆ. ಕಂಡ ಮೇಲೆ ಆ ಅರಗಿನ ಮುದ್ರೆಯನ್ನು ತೆಗೆಸಿಕೊಡಿ. ಆ ಬಿಲ್ಲೆ ಕೊಟ್ಟವರನ್ನೆಲ್ಲ ಒಂದು ಕಾಲದಲ್ಲಿ ಆಚೆ ದಡಕ್ಕೆ ಮುಟ್ಟಿಸುತ್ತಿದ್ದರು. ನಮಗೆ ಆಚೆ ದಡಕ್ಕೆ ಅಷ್ಟೇನೂ ಅವಸರವಿಲ್ಲ. ನೆಲಮಹಡಿ ಸಾಕು.

ಇಂತಿ,
ಎಂದೂ ಇಲ್ಲದ ಕೊಡೆಯನ್ನು ಕಳೆದುಹಾಕಿದ,
ತನ್ನದೇ ಬೀರುವಿನ ಕಾವಲುಗಾರ
(ತಪಾಸಣೆಗೆ ಯಾವ ವೇಳೆಯಲ್ಲಾದರೂ ಬನ್ನಿ. ಇಬ್ಬರೂ ಮನೆಯಲ್ಲೇ ಇರುತ್ತೇವೆ.)