ಕೋಟಿಲ್ಲದವನಿಗೆ ಹಗ್ಗವಿಲ್ಲ

ಕಿಲ್‌ಬ್ರೆನ್ನನ್, ಪರ್ತ್‌ಶೈರ್
ಅಕ್ಟೋಬರ್ ೧೯, ೧೯೮೮

ಪ್ರೀತಿಯ ಅಕ್ಕ ಇಶಬೆಲ್‌ಗೆ,

ನಿನ್ನ ಸೊಂಟದ ಮೂಳೆ ಕೂಡಿಕೊಳ್ಳುತ್ತಿದೆ, ಕೋಲು ಹಿಡಿದು ಅಂಗಳದವರೆಗೆ ನಡೆದೆ ಎಂದು ನೀನು ಬರೆದ ಪತ್ರ ತಲುಪಿ ಬಹಳ ದಿನವಾಯಿತು. ತಡವಾದದ್ದಕ್ಕೆ ಕೆಲಸದ ನೆಪ ಹೇಳುವುದಿಲ್ಲ. ಅಪ್ಪನನ್ನು ಮಣ್ಣು ಮಾಡಿದ ಮರುದಿನ ನೀನು ನ್ಯೂಜಿಲೆಂಡಿನಿಂದ ಫೋನು ಮಾಡಿ, "ತಲೆ ಕಡೆ ಹಗ್ಗ ಹಿಡ್ದಾಗ ಅಪ್ಪ ಭಾರ ಅನ್ಸಿದ್ನೇನೋ?" ಎಂದು ಕೇಳಿದೆ. ನಾನು ಲೈನು ಸರಿಯಿಲ್ಲವೆಂದು ಇಟ್ಟುಬಿಟ್ಟೆ. ಲೈನು ಸರಿಯಾಗಿಯೇ ಇತ್ತು.

ಹಗ್ಗವನ್ನು ನಾನು ಹಿಡಿಯಲಿಲ್ಲ. ಫಿನ್ಲೇ ಹಿಡಿದ.

ಹೌದು, ಟಾರ್ಕಿಲ್ ಚಿಕ್ಕಪ್ಪನ ಮಗ ಫಿನ್ಲೇ, ಎಡಿನ್‌ಬರೊದ ಬ್ಯಾಂಕಿನವನು. ಅಪ್ಪನ ಮನೆಗೆ ಕೊನೆಯ ಸಲ ಯಾವಾಗ ಬಂದಿದ್ದೆನೆಂದು ಅವನಿಗೇ ನೆನಪಿರಲಾರದು. ಮಗ ಬದುಕಿರುವಾಗ ತಂದೆಯ ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸಲು ತಲೆಯ ಕಡೆಯ ಹಗ್ಗವನ್ನು ಬೇರೊಬ್ಬ ಹಿಡಿದದ್ದನ್ನು ಈ ಊರಿನಲ್ಲಿ ನಾನಂತೂ ಕಂಡಿಲ್ಲ. ಕುಡುಕ ಮಕ್ಕಳು ಹಿಡಿದದ್ದನ್ನು ಕಂಡಿದ್ದೇನೆ. ಜೈಲಿನಿಂದ ಒಂದು ದಿನದ ಮಟ್ಟಿಗೆ ಬಂದವನೂ ಹಿಡಿದಿದ್ದಾನೆ. ನನ್ನ ಅಪರಾಧ ಅದಕ್ಕಿಂತ ದೊಡ್ಡದು. ನಾನು ಮಂಡಿಯುದ್ದದ ನೆರಿಗೆ ಕಿಲ್ಟ್ ಉಟ್ಟು, ಮೇಲೆ ಕೋಟಿಲ್ಲದೆ ಸಾದಾ ಶರ್ಟು ತೊಟ್ಟು ಹೋಗಿದ್ದೆ.

ಒಗೆದು ಇಸ್ತ್ರಿ ಮಾಡಿದ ನೀಲಿ ಚೌಕಳಿಯ ಶರ್ಟು. ತೋಳು ಮೊಣಕೈವರೆಗೆ ಮಡಿಸಿದ್ದೆ. ಅಪ್ಪನನ್ನು ನೀನು ನೆನಪಿಸಿಕೊಳ್ಳುವುದು ಬೇರೆ ಯಾವ ವೇಷದಲ್ಲಿ, ಹೇಳು? ವಾರವೆಲ್ಲ ಕಲ್ಲುಗೋಡೆ ಕಟ್ಟಿ, ಭಾನುವಾರ ಮತ್ತು ಊರಹಬ್ಬದಂಥ ಗೇಮ್ಸ್ ದಿನ ಕಿಲ್ಟ್ ಉಟ್ಟು, ಮೇಲೊಂದು ಹಳೆಯ ಶರ್ಟು ಸಿಕ್ಕಿಸಿಕೊಂಡು ಹೊರಡುತ್ತಿದ್ದ ಮನುಷ್ಯ. ಊರಿನ ಗಂಡಸರೆಲ್ಲ ಬೆಳ್ಳಿ ಗುಂಡಿಯ ಕರಿ ಕೋಟಿನಲ್ಲಿ ಬಿಗಿದುಕೊಂಡು ನಿಂತಿರುವಾಗ ಅವನೊಬ್ಬ ಮಾತ್ರ ಆರಾಮಾಗಿ ಉಸಿರಾಡುತ್ತಿರುವಂತೆ ನನಗೆ ಕಾಣುತ್ತಿತ್ತು. ಕಿಲ್ಟ್ ಹೇಗೆ ಉಡಬೇಕೆಂದು ನಾನು ಕಲಿತದ್ದು ಅವನನ್ನು ನೋಡಿ. ದೊಡ್ಡವನಾದ ಮೇಲೆ ಒಂದು ಮದುವೆಗೂ ನಾನು ಕೋಟು ತೊಟ್ಟವನಲ್ಲ, ನಿನಗೆ ಗೊತ್ತು.

ಚರ್ಚಿನ ಬಾಗಿಲಲ್ಲಿ ಚಿಕ್ಕಪ್ಪ ತಡೆದ. ಅವನೀಗ ಗೇಮ್ಸ್ ಸಮಿತಿಯ ಮುಖ್ಯಸ್ಥ. ಆದಾಗಿನಿಂದ ಅವನ ಕತ್ತು ತಿರುಗುವುದು ಕಡಿಮೆಯಾಗಿದೆ.

"ಕೋಟೆಲ್ಲೋ ಮರ್ಡೊ?"

"ಇಲ್ಲ ಚಿಕ್ಕಪ್ಪ."

"ಇಲ್ಲ ಅಂದ್ರೆ? ಕುರಿ ಸಂತೆಗೆ ಬಂದಿದೀಯಾ?"

"ಅಪ್ಪ ಹೀಗೇ ಇರ್ತಿದ್ದ."

ಅವನ ಮುಖ ಕೆಂಪಾಯಿತು. ಏನೋ ಹೇಳಹೊರಟವನು ನುಂಗಿಕೊಂಡ. ಆಮೇಲೆ ತಗ್ಗಿದ ದನಿಯಲ್ಲಿ, "ಕಾರಿನ ಹಿಂದಿನ ಸೀಟಲ್ಲಿ ನಂದೇ ಇನ್ನೊಂದು ಕೋಟಿದೆ. ಹೋಗಿ ಹಾಕ್ಕೊಂಡ್ ಬಾ. ಸುಮ್ನೆ ಹಾಕ್ಕೊ ಮಾರಾಯ" ಎಂದ.

"ಹಾಕ್ಕೊಳ್ದಿದ್ರೆ?"

"ಕೋಟಿಲ್ದೋನ ಕೈಗೆ ಇವತ್ತು ಹಗ್ಗ ಕೊಡಲ್ಲ."

ಜನ ನೋಡುತ್ತಿದ್ದರು. ಪಾದ್ರಿ ತನ್ನ ಪುಸ್ತಕದಲ್ಲಿ ಪುಟ ಹುಡುಕುವವನಂತೆ ನಟಿಸುತ್ತಿದ್ದ. "ಹಾಗಾದ್ರೆ ನೀವೇ ಇಟ್ಕೊಳ್ಳಿ. ನಮ್ಮಪ್ಪನ್ನ ಇಳಿಸೋಕೂ ನಿಮ್ಮ ಸಮಿತಿ ಅಪ್ಪಣೆ ಬೇಕಾ?" ಎಂದು ನಾನು ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ. ಕೊನೇ ಗಳಿಗೆಯಲ್ಲಿ ಅವನು ಸೋಲುತ್ತಾನೆಂದು ಎಣಿಸಿದ್ದೆ. ಸೋಲಲಿಲ್ಲ.

ಇನ್ನು ಫಿನ್ಲೇಯ ಸೊಗಸು ಕೇಳು. ಬಾಡಿಗೆಯ ಕೋಟು, ಬಾಡಿಗೆಯ ಕಿಲ್ಟ್, ಬಾಡಿಗೆಯ ಬೂಟು. ಕಿಲ್ಟಿನ ಪಿನ್ನನ್ನು ಹೊರಗಿನ ಪದರಕ್ಕಷ್ಟೇ ಚುಚ್ಚಬೇಕೆಂಬುದು ಇಲ್ಲಿ ಶಾಲೆಗೆ ಹೋಗುವ ಮಗುವಿಗೂ ಗೊತ್ತು. ಅವನು ಒಳಗಿನದನ್ನೂ ಸೇರಿಸಿ ಚುಚ್ಚಿಕೊಂಡಿದ್ದ. ಪೆಟ್ಟಿಗೆ ಹೊರುವ ಮುಂಚೆ ಹತ್ತಿರ ಹೋಗಿ, "ಪಿನ್ನು ಎರಡೂ ಪದರಕ್ಕೆ ಹಾಕಿದೀಯ, ತೆಗಿ" ಎಂದೆ.

"ಅಂಗಡಿಯವ್ನೇ ಹಾಕ್ಕೊಟ್ಟಿದ್ದು ಮರ್ಡೊ. ಇವತ್ತೊಂದಿನ ಬಿಡು" ಎಂದ, ನಾನು ಹೊಟ್ಟೆಕಿಚ್ಚಿಗೆ ಹೇಳಿದೆನೆಂಬಂತೆ.

ಗುಂಡಿಯ ಬಳಿ ನಾನು ಪೋಸ್ಟಿನ ಲ್ಯಾಕ್ಲನ್ ಪಕ್ಕ ನಿಂತಿದ್ದೆ. "ನಿನ್ ಜಾಗ ಇದಲ್ವಲ್ಲೋ" ಎಂದು ಅವನು ಪಿಸುಗುಟ್ಟಿದ. ಹಗ್ಗಗಳು ಬಿಗಿಯಾದವು. ಭಾರಕ್ಕೆ ಫಿನ್ಲೇ ಕಾಲು ಅಗಲಿಸಿ ಮಂಡಿ ಬಗ್ಗಿಸಿದ. ಪರ್ರೆಂದು ಸದ್ದಾಯಿತು. ಪಿನ್ನಿನಿಂದ ಅಂಚಿನವರೆಗೆ ಎರಡೂ ಪದರ ಹರಿದು ಬಾಯ್ತೆರೆದವು. ಹಿಂದೆ ಯಾರೋ ಕೆಮ್ಮಿ ನಗು ಮುಚ್ಚಿದರು. ನನ್ನ ಶರ್ಟಿನಿಂದ ಹಾಳಾಗುತ್ತಿದ್ದ ಮರ್ಯಾದೆ ಈಗ ಎಲ್ಲಿ ಹೋಯಿತೆಂದು ಚಿಕ್ಕಪ್ಪನ ಮುಖ ನೋಡಿದೆ. ಅವನು ಮಣ್ಣನ್ನೇ ನೋಡುತ್ತಿದ್ದ. ಫಿನ್ಲೇ ಮಾತ್ರ, ಇದನ್ನೂ ಬರೆಯಬೇಕು, ಕೈ ಸಡಿಲಿಸಲಿಲ್ಲ. ತೊಡೆ ಕಾಣುತ್ತಿದ್ದರೂ ಅಪ್ಪನ ತಲೆ ಒಂದಿಷ್ಟೂ ವಾಲದಂತೆ ಇಳಿಸಿದ. ಅದನ್ನು ಮೆಚ್ಚಬೇಕಾಗಿ ಬಂದದ್ದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು.

ಆಮೇಲೆ ಹೋಟೆಲಿನಲ್ಲಿ ಮಾಂಸದ ಪೈ, ವಿಸ್ಕಿ, ಎಲ್ಲ ಆಯಿತಂತೆ. ನಾನು ಮನೆಗೆ ಬಂದೆ. ಇನ್ನೂ ಅತ್ತಿಲ್ಲ. ಸಿಟ್ಟು ಅದಕ್ಕೆ ಜಾಗ ಬಿಟ್ಟಿಲ್ಲ. ಬಟ್ಟೆ ಹೆಚ್ಚೋ ಮಗ ಹೆಚ್ಚೋ ಎಂಬ ಪ್ರಶ್ನೆಯನ್ನು ಈ ಊರು ಹೀಗೆ ಬಗೆಹರಿಸಿತು. ಅಪ್ಪ ಇದ್ದಿದ್ದರೆ ನಗುತ್ತಿದ್ದ.

ಅಪ್ಪನ ಕೋಳಿಗಳನ್ನು ಪಕ್ಕದ ಮನೆಯವರು ಒಯ್ದಿದ್ದಾರೆ. ಆಲೂಗಡ್ಡೆ ಅಗೆದಾಯಿತು, ಈ ಸಲ ಸಣ್ಣವು. ನೀನು ಅವಸರ ಮಾಡಿ ಮೆಟ್ಟಿಲು ಹತ್ತಬೇಡ. ಮೊಮ್ಮಕ್ಕಳಿಗೆ ಒಳ್ಳೆಯದಾಗಲಿ, ಗಟ್ಟಿಮುಟ್ಟಾಗಿ ಬೆಳೆಯಲಿ. ನೀನು ಬೇಗ ಕೋಲು ಬಿಟ್ಟು ನಡೆಯುವಂತಾಗಲಿ.

ನಿನ್ನ ತಮ್ಮ,
ಮರ್ಡೊ

ತಾ.ಕ.: ಸಹಿ ಹಾಕುವ ಹೊತ್ತಿಗೆ ಎಫಿ ಚಿಕ್ಕಮ್ಮ ಬಂದಳು. ಗಂಡನ ಪರವಾಗಿ ರಾಜಿಗೆ ಬಂದಿದ್ದಾಳೆಂದು ಅವಳ ಮೇಲೂ ರೇಗಿದೆ. ಅಪ್ಪನಿಗೆ ಇಷ್ಟವಾದಂತೆಯೇ ಹೋಗಿದ್ದೆ ಎಂದೆ.

"ಡಂಕನ್ ಭಾವಂಗೆ ಶರ್ಟು ಇಷ್ಟ ಅಂತ ಯಾರು ಹೇಳಿದ್ರೋ ನಿಂಗೆ?" ಎಂದಳು. "ಕೋಟಿಲ್ದೆ ಬ್ಯಾಗ್‌ಪೈಪ್ ಊದೋ ಸ್ಪರ್ಧೆಗೆ ಸೇರಿಸ್ಕೊಳ್ಳಲ್ಲ ಅಂದ್ರು ಅಂತ ನೀನು ಚಿಕ್ಕೋನಿದ್ದಾಗ ಅತ್ತಿದ್ದೆ. ನಿಮ್ಮಪ್ಪ ತನ್ನ ಮದುವೆ ಕೋಟು ತಂದು ನನ್ ಮುಂದೆ ಇಟ್ಟ. ನಾನೇ ಕತ್ತರಿಸಿ ನಿನ್ನ ಅಳತೆಗೆ ಹೊಲ್ದೆ. ಅವ್ನಿಗೆ ಇನ್ನೊಂದು ಹೊಲ್ಸೋಕೆ ಆಗ್ಲೇ ಇಲ್ಲ. ಆಮೇಲೆ ಗೇಮ್ಸ್ ದಿನ 'ಸೆಖೆ ಕಣಮ್ಮ' ಅಂತ ಶರ್ಟಲ್ಲೇ ಬರೋನು. ನಮ್ಮೂರಲ್ಲಿ ಸೆಖೆ! ಫೋಟೋ ತೆಗೆಯುವಾಗ ಯಾರದಾದ್ರೂ ಬೆನ್ನ ಹಿಂದೆ ಹೋಗಿ ನಿಲ್ಲೋನು."

ಆಸ್ಪತ್ರೆಯಲ್ಲಿ ಚಿಕ್ಕಪ್ಪನ ಕೈ ಹಿಡಿದು ಅಪ್ಪ ಕೇಳಿದ್ದು ಒಂದೇ ಅಂತೆ: ನನ್ನನ್ನು ಮಣ್ಣು ಮಾಡುವ ದಿನ ನನ್ನ ಹುಡುಗ ಕೋಟು ತೊಟ್ಟು ನಿಲ್ಲುವಂತೆ ನೋಡಿಕೊ, ಯಾಕೆಂದು ಅವನಿಗೆ ಹೇಳಬೇಡ.

ಅಕ್ಕ, ಕೋಟು ಕತ್ತರಿಸಿದಾಗ ನೀನು ಆ ಮನೆಯಲ್ಲೇ ಇದ್ದೆ, ತಿಳಿಯುವ ವಯಸ್ಸಾಗಿತ್ತು. ಇಷ್ಟು ವರ್ಷ ನನ್ನ ಶರ್ಟಿನ ಜಂಭವನ್ನು ನೋಡುತ್ತಲೂ ಇದ್ದೆ. ನಿನಗೆ ಗೊತ್ತಿರಲಿಲ್ಲ ಎಂದು ಬರೆ.